ಅಮೆರಿಕದ ಬಡ್ಡಿ, ನಿಮ್ಮ ಹಿಂಡಿಯ ಸಾಲ

ತಾಯಂದಿರೇ, ಎಮ್ಮೆಗೆ ಲಸಿಕೆ ಹಾಕಲು ಬಂದಾಗ ನೀವು ಕೇಳುತ್ತೀರಿ: ‘ಡಾಕ್ಟ್ರೇ, ಸಾಲದ ಬಡ್ಡಿ ಯಾಕ್ರೀ ಏರತೈತಿ?’

ಅಮೀನಗಡದ ಸಂತೆಯಲ್ಲಿ ಕುರಿಗೆ ಬೆಲೆ ಏರಿದರೆ ಮಾರುವವರೆಲ್ಲ ಅತ್ತಲೇ ನಡೆಯುತ್ತಾರೆ. ಕುರಿ ಬೇಕೆಂದರೆ ಕೆರೂರಿನ ವ್ಯಾಪಾರಿಯೂ ದರ ಏರಿಸಲೇಬೇಕು. ದೇಶದೇಶಗಳ ನಡುವೆ ದುಡ್ಡೂ ಹೀಗೇ, ಹೆಚ್ಚು ಬಡ್ಡಿ ಕಂಡಲ್ಲಿಗೆ ಓಡುತ್ತದೆ. 2022ರ ಮಾರ್ಚ್‌ನಿಂದ ಅಮೆರಿಕ ಬಡ್ಡಿ ಏರಿಸಿತು. ಡಾಲರ್ ಅತ್ತ ಸರಿಯಿತು, ರೂಪಾಯಿ ಇಳಿಯಿತು. ಇಲ್ಲಿಯ ಬೆಲೆಯೇರಿಕೆಯೂ ಸೇರಿಕೊಂಡು, ನಮ್ಮ ರಿಸರ್ವ್ ಬ್ಯಾಂಕ್ ಮೇ ತಿಂಗಳಿಂದ ಒಂಬತ್ತು ತಿಂಗಳಲ್ಲಿ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಒಯ್ದಿತು. ನೇಪಾಳವಂತೂ 1993ರಿಂದ ನಮ್ಮ 1 ರೂಪಾಯಿಗೆ ತನ್ನ 1.60 ಎಂದು ಕಟ್ಟಿಕೊಂಡಿದೆ. ನಮ್ಮ ಬಡ್ಡಿಯನ್ನು ಬಿಟ್ಟು ಬಹುದೂರ ಹೋಗಲಾರದು.

2025ರ ಜೂನ್ ಹೊತ್ತಿಗೆ ದರ 5.5ಕ್ಕೆ ಇಳಿಯಿತು. ವಾರದ ಕಂತಿನ ಫೈನಾನ್ಸ್‌ನವರು ನಿಮಗೆ ಇಳಿಸಿದರೇ? ಕೇಳಿ ನೋಡಿ. ಕಂತು ತಪ್ಪೀತೆಂದು ಗಬ್ಬದ ಎಮ್ಮೆಯನ್ನೇ ಸಂತೆಗೆ ಹೊಡೆದವರನ್ನು ಬಾದಾಮಿ, ಹುನಗುಂದದ ಕಡೆ ಕಂಡಿದ್ದೇನೆ. ಇನ್ನೆರಡು ತಿಂಗಳಲ್ಲಿ ಕರು ಹಾಕಿ ಹಾಲು ಕೊಡಬೇಕಾದ ಎಮ್ಮೆ!

ಹಿಂಡಿ, ಮೇವು, ಔಷಧಿಗೆ ಆ ಸಾಲ ಬೇಡವೆಂದೇ ನಾನು ಹೇಳುವುದು. ಹೈನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 2 ಲಕ್ಷದವರೆಗೆ ಬಡ್ಡಿ ಶೇ 7. ಅವಧಿಯೊಳಗೆ ಕಟ್ಟಿದರೆ 3 ರಿಯಾಯಿತಿ, ಉಳಿಯುವುದು 4. ರೆಪೊ ಏರಿದ ವರ್ಷಗಳಲ್ಲೂ ಇದು ಏರಲಿಲ್ಲ, ಏಕೆಂದರೆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತದೆ. ಬ್ಯಾಂಕಿಗೆ ಹೋಗುವಾಗ ಸಂಘದ ಕಾರ್ಯದರ್ಶಿಯಿಂದ ಹಾಲಿನ ಲೆಕ್ಕ ಬರೆಸಿಕೊಂಡು ಹೋಗಿ.