ದುಬೈ ನಾಲ್ಕೇ ಗಂಟೆ, ಬಿಳಿಗೆರೆಯಿಂದ ಎಷ್ಟು?

"ನಾಲ್ಕೇ ಗಂಟೆ ಯಜಮಾನ್ರೇ, ತುಮಕೂರಿಗೆ ಹೋಗಿ ಬಂದಂಗೆ!" ಮಗನನ್ನು ದುಬೈ ಕೆಲಸಕ್ಕೆ ಕಳಿಸುವ ತಂದೆಗೆ ಏಜೆಂಟರು ಹೇಳುವ ಧೈರ್ಯದ ಮಾತಿದು. ಬಿಳಿಗೆರೆಯ ಟೀ ಅಂಗಡಿ ಬೆಂಚಿನ ಮೇಲೂ ಇದೇ ಲೆಕ್ಕ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅರ್ಧ ನಿಜ ನಂಬಿ ಹೊರಟ ಹುಡುಗ ವಿಮಾನ ತಪ್ಪಿಸಿಕೊಂಡರೆ, ಸಾಲ ಮಾಡಿ ಕೊಂಡ ಟಿಕೇಟಿನ ಗತಿ ಏನು?

ಮೊದಲು ಆಕಾಶದ ಲೆಕ್ಕ. ಬೆಂಗಳೂರಿನಿಂದ ದುಬೈಗೆ ನೇರ ಗೆರೆ ಎಳೆದರೆ ಸುಮಾರು 2,700 ಕಿಲೋಮೀಟರು. ನೇರ ವಿಮಾನಕ್ಕೆ ಹೆಚ್ಚೂಕಡಿಮೆ 4 ಗಂಟೆ. ವಾಪಸು ಬರುವಾಗ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಚಳಿಗಾಲದಲ್ಲಿ ಪಡುವಣದಿಂದ ಮೂಡಣಕ್ಕೆ ಬೀಸುವ ಮೇಲ್ಗಾಳಿ ಜೋರಾಗಿರುವುದೇ ಕಾರಣ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿಕೇಟಿನಲ್ಲಿ ಇನ್ನೊಂದು ಗೊಂದಲವಿದೆ. ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 12-30ಕ್ಕೆ ದುಬೈ ಸೇರುತ್ತದೆಂದು ಬರೆದಿರುತ್ತದೆ. ಎರಡೂವರೆ ಗಂಟೆಯೇ ಸಾಕು ಎಂದು ಖುಷಿ ಪಡಬೇಡಿ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೊರಡುವ ಹೊತ್ತು ನಮ್ಮ ಊರಿನದು, ಸೇರುವ ಹೊತ್ತು ಆ ಊರಿನದು.

ಇನ್ನು ನೆಲದ ಲೆಕ್ಕ. 2008ರ ಮೇ ತಿಂಗಳಿನಲ್ಲಿ ವಿಮಾನಗಳು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ ಬಿಟ್ಟು ದೇವನಹಳ್ಳಿ ಕಡೆಗೆ ಹೋದವು. ಬಿಳಿಗೆರೆಯವನು ತಿಪಟೂರಿಗೆ ಬಂದು, ಬಸ್ಸೋ ರೈಲೋ ಹಿಡಿದು ಬೆಂಗಳೂರು ಸೇರಿ, ಮೆಜೆಸ್ಟಿಕ್ಕಿನಲ್ಲಿ ಪೆಟ್ಟಿಗೆ ಹೊತ್ತು ಇನ್ನೊಂದು ಬಸ್ಸು ಹತ್ತಬೇಕು. ಐದು ಗಂಟೆ ಅಲ್ಲಿಗೇ ಮುಗಿಯಿತು. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು. ಹಾರುವುದು ನಾಲ್ಕು ಗಂಟೆ. ಒಟ್ಟು ಹನ್ನೆರಡು! ವಿಮಾನ ಹೊರಡಲು ಒಂದು ಗಂಟೆ ಇದೆ ಅನ್ನುವಾಗಲೇ ಕೌಂಟರ್ ಮುಚ್ಚುವುದು ವಾಡಿಕೆ. ಕೈ ತೋರಿಸಿದರೆ ನಿಲ್ಲೋದಕ್ಕೆ ಅದು ನಮ್ಮೂರ ಬಸ್ಸಲ್ಲ.

ಹೊತ್ತು ತಿನ್ನುವ ಇನ್ನೊಂದು ಬಾಬು ನಮ್ಮ ಅಟ್ಟದಲ್ಲೇ ಇದೆ. ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಉಂಡೆ ಕೊಬ್ಬರಿಯನ್ನು ವಿಮಾನದ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಎಣ್ಣೆಯಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯೂ ಸೇರಿದೆ. ತಿಪಟೂರಿನ ಹೆಸರು ಬೆಳಗಿಸಿದ ಕೊಬ್ಬರಿಗೆ ಅಲ್ಲಿ ಗೌರವವಿಲ್ಲ! ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ ತೆಗೆಯುವುದಕ್ಕಿಂತ ಮನೆಯಲ್ಲೇ ಬಿಟ್ಟು ಹೋಗುವುದು ಲೇಸು.

ಆದ್ದರಿಂದ ದೂರವನ್ನು ವಿಮಾನದ ಬಾಗಿಲಿನಿಂದ ಅಳೆಯುವುದು ತಪ್ಪು. ಮನೆ ಹೊಸಿಲಿನಿಂದ ಅಳೆಯಬೇಕು. ಟಿಕೇಟು ಮಾರುವವರು ಊರು ಬಿಡಬೇಕಾದ ಹೊತ್ತನ್ನೂ ಚೀಟಿಯಲ್ಲಿ ಬರೆದುಕೊಡಲಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರು ಹೊಗದೆಯೇ ದೇವನಹಳ್ಳಿ ಸಿಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನಕ್ಕೆ ಆ ದಾರಿಯಲ್ಲಿ ವಿಮಾನದ ಹೊತ್ತಿಗೆ ಹೊಂದುವ ಸರ್ಕಾರಿ ಬಸ್ಸು ಓಡಬೇಕು. ಕಾರು ಮಾಡಿಕೊಂಡು ಹೋಗುವವರಿಗೆ ಇದರ ಚಿಂತೆ ಇಲ್ಲ. ಬಸ್ಸನ್ನೇ ನಂಬಿದವನಿಗೆ ದುಬೈಗಿಂತ ದೇವನಹಳ್ಳಿಯೇ ದೂರ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?