ಒಂಬತ್ತನೇ ನಂಬರ್ ಅಂಗಿ ಯಾರಿಗೆ?

2023ರ ನವೆಂಬರ್ 16ರಂದು ಕುವೈತ್‌ನ ಜಾಬೆರ್ ಅಲ್ ಅಹ್ಮದ್ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯವನ್ನು ಭಾರತ 1–0 ಗೋಲಿನಿಂದ ಗೆದ್ದಿತು. ಸುಮಾರು 10 ಲಕ್ಷ ಭಾರತೀಯರು ನೆಲೆಸಿರುವ ದೇಶವದು. ಗ್ಯಾಲರಿಯಲ್ಲಿ ತವರಿನ ಪಂದ್ಯವೇನೋ ಎಂಬಂತೆ ಕೂಗೆದ್ದಿತ್ತು. 75ನೇ ನಿಮಿಷದಲ್ಲಿ ಎಡಬದಿಯಿಂದ ವಿಂಗರ್ ಛಾಂಗ್ಟೆ ಒಳಗೆ ತಳ್ಳಿದ ಚೆಂಡನ್ನು ಮನ್ವೀರ್ ಸಿಂಗ್ ನಿಲ್ಲಿಸದೆಯೇ ಬಲೆಗೆ ಒದ್ದರು. ಮನ್ವೀರ್ ಆರಡಿ ದಾಟಿದ, ಗಟ್ಟಿ ಮೈಕಟ್ಟಿನ ಫಾರ್ವರ್ಡ್. ಗೋಲ್ ಕಂಬಗಳ ಎದುರು ನಿಂತು ಡಿಫೆಂಡರುಗಳ ಜೊತೆ ಹೆಗಲು ತಿಕ್ಕಾಡುವ ಕೆಲಸಕ್ಕೆ ಹೇಳಿ ಮಾಡಿಸಿದ ಆಳು. ಆದರೆ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್‌ನಲ್ಲಿ ಅವರು ಹೆಚ್ಚಾಗಿ ಆಡುತ್ತ ಬಂದಿರುವುದು ಬಲಬದಿಯ ವಿಂಗ್‌ನಲ್ಲಿ. ನಡುವಿನ ಜಾಗ ವಿದೇಶಿಯರದು. ಆ ಋತುವಿನಲ್ಲಿ ಅಲ್ಲಿ ಪೆಟ್ರಾಟೋಸ್, ಕಮಿಂಗ್ಸ್ ಎಂಬ ಇಬ್ಬರು ಆಸ್ಟ್ರೇಲಿಯನ್ನರಿದ್ದರು, ಜೊತೆಗೆ ಅಲ್ಬೇನಿಯಾದ ಸಾದಿಕು.

ಭಾರತದ ಫುಟ್‌ಬಾಲ್‌ಗೆ ಅಂಟಿರುವ ಕಾಯಿಲೆ ಏನೆಂದು ಕೇಳಿದರೆ ಇದೊಂದು ಉದಾಹರಣೆ ಸಾಕು. ಎತ್ತರದ ಹುಡುಗರು ಇಲ್ಲವೆಂದಲ್ಲ. ಇರುವವರನ್ನು ಆರಿಸುತ್ತಾರೆ, ಆರಿಸಿದ ಮೇಲೆ ಅವರು ಬೆಳೆಯಬೇಕಾದ ಜಾಗದಿಂದಲೇ ಪಕ್ಕಕ್ಕೆ ಸರಿಸುತ್ತಾರೆ.

ಕುವೈತ್ ಎದುರಿನ ಪಂದ್ಯಗಳ ಲೆಕ್ಕವನ್ನೇ ನೋಡಬಹುದು. 2023ರ ಜೂನ್ 27ರಿಂದ 2024ರ ಜೂನ್ 6ರವರೆಗೆ, ಒಂದು ವರ್ಷದೊಳಗೆ ಎರಡೂ ತಂಡಗಳು ನಾಲ್ಕು ಸಲ ಎದುರಾದವು. ಮೊದಲೆರಡು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ. ಕುವೈತ್ ಅಲ್ಲಿಗೆ ಅತಿಥಿ ತಂಡವಾಗಿ ಬಂದಿತ್ತು. ಎರಡೂ 1–1. ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ಗೆ ಹೋಗಿ, ಕೊನೆಯ ಒದೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದದ್ದರಿಂದ ಕಪ್ ಭಾರತಕ್ಕೆ ಉಳಿಯಿತು. ಮೂರನೆಯದು ಕುವೈತ್‌ನ ಆ ಗೆಲುವು. ನಾಲ್ಕನೆಯದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ 0–0, ಸುನಿಲ್ ಚೆಟ್ರಿ ಅವರ ವಿದಾಯದ ಪಂದ್ಯ. ನಾಲ್ಕು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಮೂರೇ ಗೋಲು. ಗೋಲ್ ಬಾಯಿಯಲ್ಲಿ ಪೈಪೋಟಿಗೆ ನಿಲ್ಲುವ ಒಬ್ಬ ಸ್ಟ್ರೈಕರ್ ಇದ್ದಿದ್ದರೆ ಕೋಲ್ಕತ್ತದ ಆ ರಾತ್ರಿ ಬೇರೆಯೇ ಆಗುತ್ತಿತ್ತು. ಐದು ದಿನಗಳ ನಂತರ ಭಾರತ ಕತಾರ್ ಎದುರು ಸೋತು ಹೊರಬಿತ್ತು. ಅದೇ ದಿನ ಅಫ್ಗಾನಿಸ್ತಾನವನ್ನು 1–0ಯಿಂದ ಮಣಿಸಿದ ಕುವೈತ್ ಏಷ್ಯಾದ ಮೂರನೇ ಸುತ್ತಿಗೆ ಏರಿತು. ಗುಂಪಿನಲ್ಲಿ ಕುವೈತ್‌ಗೆ 7 ಅಂಕ, ಭಾರತಕ್ಕೆ 5.

ತಂಡದ ಬೆನ್ನೆಲುಬಿಗೆ ಎತ್ತರದವರನ್ನು ಹುಡುಕುವುದು ಜಗತ್ತಿನ ಹಲವು ಆಟಗಳಲ್ಲಿ ದೊಡ್ಡ ತಲೆನೋವು. ಅದನ್ನು ಅತಿ ಗಂಭೀರವಾಗಿ ತೆಗೆದುಕೊಂಡವರು ಆಸ್ಟ್ರೇಲಿಯನ್ನರು. ಅವರದೇ ಆದ ‘ಆಸ್ಟ್ರೇಲಿಯನ್ ರೂಲ್ಸ್’ ಫುಟ್‌ಬಾಲ್‌ನಲ್ಲಿ ಕ್ರಿಕೆಟ್ ಮೈದಾನದಂಥ ಅಂಡಾಕಾರದ ಬಯಲಿನಲ್ಲಿ ತಂಡಕ್ಕೆ 18 ಮಂದಿ ಆಡುತ್ತಾರೆ; ದೂರದಿಂದ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನಿಗೆ ಅಡೆತಡೆಯಿಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಹೀಗಾಗಿ ಎರಡೂ ತುದಿಗಳ ನಡುಜಾಗಗಳಲ್ಲಿ, ದಾಳಿಗೂ ರಕ್ಷಣೆಗೂ, ಆರೂವರೆ ಅಡಿಯ ಆಸುಪಾಸಿನ ಆಳುಗಳು ಬೇಕು. ಅಲ್ಲಿ ಹೊಸ ಹುಡುಗರನ್ನು ಹಣ ಸುರಿದು ಕೊಳ್ಳುವಂತಿಲ್ಲ. 1986ರಿಂದ ರಾಷ್ಟ್ರೀಯ ಡ್ರಾಫ್ಟ್ ಇದೆ. ಹಿಂದಿನ ಋತುವಿನಲ್ಲಿ ಕೊನೆಗೆ ನಿಂತ ಕ್ಲಬ್‌ಗೆ ಮೊದಲ ಆಯ್ಕೆ.

ಆ ಮೊದಲ ಆಯ್ಕೆಯನ್ನು ಎತ್ತರದ ಹುಡುಗನ ಮೇಲೆ ಖರ್ಚು ಮಾಡಿದವರ ಕಥೆಗಳು ಸ್ವಾರಸ್ಯಕರ. 2013ರಲ್ಲಿ ಸಿಡ್ನಿಯ ಗ್ರೇಟರ್ ವೆಸ್ಟರ್ನ್ ಸಿಡ್ನಿ ಕ್ಲಬ್ ಎರಡು ಮೀಟರ್ ಎತ್ತರದ ಟಾಮ್ ಬಾಯ್ಡ್ ಅವರನ್ನು ಆರಿಸಿತು. ಒಂದೇ ಋತುವಿನ ಬಳಿಕ ಆತ ಮೆಲ್ಬರ್ನ್‌ನ ವೆಸ್ಟರ್ನ್ ಬುಲ್‌ಡಾಗ್ಸ್ ಸೇರಿದರು. ಬದಲಿಗೆ ಆ ಕ್ಲಬ್‌ನ ನಾಯಕ ರಯಾನ್ ಗ್ರಿಫನ್ ಇತ್ತ ಬಂದರು. 2016ರ ಫೈನಲ್‌ನಲ್ಲಿ ಬಾಯ್ಡ್ ಮೂರು ಗೋಲು ಹೊಡೆದು, 62 ವರ್ಷಗಳಿಂದ ಪ್ರಶಸ್ತಿ ಕಾಣದ ಕ್ಲಬ್‌ಗೆ ಪ್ರಶಸ್ತಿ ತಂದರು. ಮೂರು ವರ್ಷ ಕಳೆಯುವುದರೊಳಗೆ, 23ರ ವಯಸ್ಸಿಗೇ ನಿವೃತ್ತಿ. ದೊಡ್ಡ ಸಂಬಳ, ಮೊದಲ ಆಯ್ಕೆಯೆಂಬ ಹಣೆಪಟ್ಟಿ, ಮಾನಸಿಕ ಆಯಾಸ ಎಲ್ಲ ಸೇರಿ ಆಟದ ಆಸೆಯೇ ಬತ್ತಿಹೋಗಿತ್ತು. ಮರುವರ್ಷ, 2014ರಲ್ಲಿ, ಸೇಂಟ್ ಕಿಲ್ಡಾ ಕ್ಲಬ್ ತನಗೆ ಎತ್ತರದ ಫಾರ್ವರ್ಡ್ ಬೇಕೆಂದು ಪ್ಯಾಡಿ ಮೆಕಾರ್ಟಿನ್ ಅವರನ್ನು ಆರಿಸಿತು. ಎರಡನೇ ಆಯ್ಕೆಯಾಗಿ ಮೆಲ್ಬರ್ನ್ ಕ್ಲಬ್‌ಗೆ ಹೋದವರು ಕ್ರಿಶ್ಚಿಯನ್ ಪೆಟ್ರಾಕಾ, ಮಧ್ಯಮ ಎತ್ತರದ ಮಿಡ್‌ಫೀಲ್ಡರ್. ಮೆಕಾರ್ಟಿನ್ ತಲೆಗೆ ಮೇಲಿಂದ ಮೇಲೆ ಪೆಟ್ಟು ತಿಂದು 2019ರಲ್ಲಿ ಕ್ಲಬ್‌ನಿಂದ ಹೊರಬಿದ್ದರು. ಪೆಟ್ರಾಕಾ 2021ರ ಫೈನಲ್‌ನ ಶ್ರೇಷ್ಠ ಆಟಗಾರರಾದರು.

ಆದರೆ ಅದೇ 2014ರ ಡ್ರಾಫ್ಟ್‌ನಲ್ಲಿ ಬ್ರಿಸ್ಬೇನ್ ಕ್ಲಬ್ ತನ್ನ ಅಕಾಡೆಮಿಯಲ್ಲಿ ಬೆಳೆದ ಎರಡು ಮೀಟರ್ ಎತ್ತರದ ಹ್ಯಾರಿಸ್ ಆಂಡ್ರೂಸ್ ಅವರನ್ನು 61ನೇ ಆಯ್ಕೆಯಾಗಿ ಪಡೆದಿತ್ತು. 2024 ಮತ್ತು 2025ರಲ್ಲಿ ಸತತ ಎರಡು ಪ್ರಶಸ್ತಿ ಗೆದ್ದ ತಂಡದ ನಾಯಕರಲ್ಲಿ ಅವರೂ ಒಬ್ಬರಾಗಿದ್ದರು. ಜೀಲಾಂಗ್ ಕ್ಲಬ್‌ನ ಟಾಮ್ ಹಾಕಿನ್ಸ್ 2006ರಲ್ಲಿ 41ನೇ ಆಯ್ಕೆ. ತಂದೆ ಆಡಿದ ಕ್ಲಬ್‌ಗೆ ಮಗನನ್ನು ಸೇರಿಸಿಕೊಳ್ಳುವ ನಿಯಮದಡಿ ಬಂದವರು. ನಿಧಾನವಾಗಿ ಪಳಗಿದರು. ಋತುವಿನ ಅತಿ ಹೆಚ್ಚು ಗೋಲುಗಳ ಪ್ರಶಸ್ತಿ ಅವರ ಕೈಗೆ ಬಂದದ್ದು 2020ರಲ್ಲಿ, 32ರ ವಯಸ್ಸಿನಲ್ಲಿ. 359 ಪಂದ್ಯ, 796 ಗೋಲು ಮುಗಿಸಿ 2024ರಲ್ಲಿ ನಿವೃತ್ತರಾದರು. ಉದ್ದನೆಯ ಹುಡುಗರ ಮೈಗೆ ಬಲ ಕೂಡಲು, ಕಾಲಿಗೆ ಹದ ಬರಲು ಕಾಲ ಹಿಡಿಯುತ್ತದೆ. ಹದಿನೆಂಟಕ್ಕೆ ಅವರನ್ನು ಅಳೆಯುವುದು ಹೂವಿನಲ್ಲೇ ಮಾವಿನ ಫಸಲಿಗೆ ಬೆಲೆ ಕಟ್ಟಿದಂತೆ. ಬಾಯ್ಡ್ ಕೈಬಿಟ್ಟುಹೋದರು, ಮೆಕಾರ್ಟಿನ್ ಗಾಯಗೊಂಡರು, ನಿಜ. ಆದರೂ ಅಲ್ಲಿ ಆಯ್ಕೆಯಾದ ಹುಡುಗ ತನ್ನ ಜಾಗದಲ್ಲೇ ಎಡವುತ್ತಾನೆ, ತನ್ನ ಜಾಗದಲ್ಲೇ ಏಳುತ್ತಾನೆ. ಆ ಜಾಗಕ್ಕೆ ಹೊರದೇಶದಿಂದ ಬಲಿತ ಆಟಗಾರ ಬಂದು ಕೂರುವುದಿಲ್ಲ, ಏಕೆಂದರೆ ಆ ಆಟ ಬೇರೆ ಯಾವ ದೇಶದಲ್ಲೂ ವೃತ್ತಿಯಾಗಿ ಬೆಳೆದಿಲ್ಲ.

ಭಾರತದಲ್ಲೂ ಡ್ರಾಫ್ಟ್ ಇತ್ತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದ 2014ರಲ್ಲಿ ದೇಶಿ ಆಟಗಾರರನ್ನು ಹಂಚಿದ್ದು ಹಾಗೆಯೇ. ಆ ವರ್ಷ ಕೇರಳ ಬ್ಲಾಸ್ಟರ್ಸ್ ಪಾಲಿಗೆ ಬಂದ 21 ವರ್ಷದ ಸಂದೇಶ್ ಝಿಂಗನ್, ಆರಡಿಗೂ ಎತ್ತರದ ಸೆಂಟರ್ ಬ್ಯಾಕ್, ಮೊದಲ ಋತುವಿನಲ್ಲೇ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಕ್ಲಬ್ ಅವರನ್ನು ಆರು ವರ್ಷ ಉಳಿಸಿಕೊಂಡು, ಹೆಚ್ಚಾಗಿ ರಕ್ಷಣೆಯ ನಡುಭಾಗದಲ್ಲಿ ಆಡಿಸಿತು. ಇಂದಿಗೂ ರಾಷ್ಟ್ರೀಯ ತಂಡದ ಗೋಡೆ ಅವರೇ. 2017ರ ಜುಲೈನಲ್ಲಿ ಮುಂಬೈಯಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಹೊಸದಾಗಿ ಹುಟ್ಟಿದ ಜಮ್‌ಶೆಡ್‌ಪುರಕ್ಕೆ ಸಿಕ್ಕಿತು. ಅದು ಕರೆದ ಹೆಸರು ಮಲಪ್ಪುರದ ಅನಸ್ ಎಡತೊಡಿಕ, ಸೆಂಟರ್ ಬ್ಯಾಕ್, 1.10 ಕೋಟಿ ರೂಪಾಯಿ. ವಯಸ್ಸು 30. ಒಂದು ಋತು ಮುಗಿದ ಮೇಲೆ ಅವರು ಕೇರಳಕ್ಕೆ ಹೊರಟರು. ಅನಸ್ ಒಳ್ಳೆಯ ಆಟಗಾರರೇ, ಬೆಲೆಯೂ ಹೆಚ್ಚಾಗಿರಲಿಲ್ಲ. ಆದರೆ ಆಸ್ಟ್ರೇಲಿಯದ ಕ್ಲಬ್ ತನ್ನ ಮೊದಲ ಆಯ್ಕೆಯನ್ನು ಹತ್ತು ವರ್ಷಕ್ಕೆಂದು ಬಳಸಿದರೆ, ಜಮ್‌ಶೆಡ್‌ಪುರ ಬಳಸಿದ್ದು ಬರುವ ಆರು ತಿಂಗಳಿಗೆ.

ಡಿಫೆಂಡರುಗಳ ವಿಚಾರದಲ್ಲಿ ಇಷ್ಟಾದರೂ ಆಯಿತು. ಫಾರ್ವರ್ಡ್‌ಗಳ ಕಡೆ ಬಂದರೆ ಬರೀ ಬಯಲು. ಐಎಸ್‌ಎಲ್‌ನ 2014ರಿಂದ 2024–25ರವರೆಗಿನ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಚಿನ್ನದ ಬೂಟು ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. ಮೈದಾನಕ್ಕಿಳಿಯುವ ವಿದೇಶಿಯರ ಮಿತಿ ಆರರಿಂದ ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. ಮಿತಿ ಇಳಿದಾಗ ಮೊದಲು ಹೋದದ್ದು ಬದಿಯ ಸ್ಥಾನಗಳು. ಮುಂದಿನ ನಡುಜಾಗ ಮಾತ್ರ ವಿದೇಶಿಗೇ ಉಳಿಯಿತು. ತರಬೇತುದಾರರನ್ನು ದೂರಿ ಪ್ರಯೋಜನವಿಲ್ಲ, ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುವ ಮನುಷ್ಯ ಹುಡುಗನ ಭವಿಷ್ಯ ನೋಡಲಾರ.

ಬೆಂಗಳೂರಿನಲ್ಲಿ ಬೆಳೆದು ಸ್ಪೇನ್‌ನಲ್ಲಿ ಆಟ ಕಲಿತ ಇಶಾನ್ ಪಂಡಿತಾ ಅವರ ವೃತ್ತಿ ಇದರ ಕನ್ನಡಿ. 2020ರಲ್ಲಿ ಎಫ್‌ಸಿ ಗೋವಾ ಸೇರಿದ ಅವರು ಕೊನೆಯ ಹತ್ತಿಪ್ಪತ್ತು ನಿಮಿಷಕ್ಕೆ ಬೆಂಚಿನಿಂದೆದ್ದು ಬಂದು, ತಲೆ ಕೊಟ್ಟು ಗೋಲು ತರುವವರೆಂದು ಹೆಸರಾದರು. 2022ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರಿನ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಭಾರತದ ನಾಲ್ಕನೇ ಗೋಲೂ ಅವರದೇ, ಅದೂ 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದಲ್ಲಿ. ‘ಸೂಪರ್ ಸಬ್’ ಎಂಬ ಬಿರುದು ಕೇಳಲು ಚೆನ್ನ. ಆದರೆ ಆ ಬಿರುದು ಹೊತ್ತವನಿಗೆ 90 ನಿಮಿಷ ಆಡುವುದು ಹೇಗೆಂದು ಯಾರೂ ಕಲಿಸಲಿಲ್ಲ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ ಇನ್ನೊಂದು ಕಾಲದವರು. ಐ–ಲೀಗ್‌ನಲ್ಲಿ ಮಹೀಂದ್ರಾ ಯುನೈಟೆಡ್ ಪರ 2009–10ರಲ್ಲಿ ಗೋಲುಗಳ ಸುರಿಮಳೆಗರೆದ ಅವರು ನಡುಜಾಗದಲ್ಲೇ ಪಳಗಿದವರು. ಹಾಗಾಗಿಯೇ 2016ರ ಡಿಸೆಂಬರ್ 18ರಂದು, ಕೊಚ್ಚಿಯ ಐಎಸ್‌ಎಲ್ ಫೈನಲ್‌ನಲ್ಲಿ, 34ರ ವಯಸ್ಸಿನಲ್ಲೂ ಕಾರ್ನರ್‌ನಿಂದ ಬಂದ ಚೆಂಡಿಗೆ ನೆಗೆದು ಹೆಡರ್ ಹೊಡೆದು ಕೇರಳವನ್ನು ಮುಂದಿಟ್ಟರು.

‘ಎತ್ತರವೇ ಎಲ್ಲ ಎಂದರೆ ಚೆಟ್ರಿ ಎಲ್ಲಿ ಹೋದರು?’ ಎಂದು ಯಾರಾದರೂ ಕೇಳಿಯಾರು. ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರು ಎಫ್‌ಸಿಯ ಈ ನಾಯಕನ ಎತ್ತರ 1.70 ಮೀಟರ್, ಅಂದರೆ ಐದಡಿ ಏಳಂಗುಲ. ತಮಗಿಂತ ಗೇಣುದ್ದ ಹೆಚ್ಚಿದ್ದವರ ನಡುವೆ ಅವರು ಹೊಡೆದ ಹೆಡರ್‌ಗಳಿಗೆ ಲೆಕ್ಕವಿಲ್ಲ. ಎಲ್ಲಿಗೆ, ಯಾವಾಗ ನೆಗೆಯಬೇಕೆಂಬ ಅಂದಾಜು ಹಾಗಿತ್ತು. ಆದರೆ ಚೆಟ್ರಿ ಅಪವಾದ, ಅಪವಾದವನ್ನು ನಂಬಿ ತಂಡ ಕಟ್ಟಲಾಗದು. ಇನ್ನೊಂದು ಮಾತೂ ಇದೆ. 2017–18ರಲ್ಲಿ ವೆನೆಜುವೆಲಾದ ಮಿಕು ಬೆಂಗಳೂರಿಗೆ ಬಂದಾಗ ಸ್ವತಃ ಚೆಟ್ರಿಯೇ ಎಡಬದಿಗೆ ಸರಿಯಬೇಕಾಯಿತು. ದೇಶದ ಅತ್ಯುತ್ತಮ ಸ್ಟ್ರೈಕರ್‌ಗೇ ಈ ಗತಿಯಾದರೆ ಇಪ್ಪತ್ತರ ಹುಡುಗನ ಪಾಡೇನು? 2024ರಲ್ಲಿ ಭಾರತ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ನಿವೃತ್ತ ಚೆಟ್ರಿಯನ್ನೇ ಮರಳಿ ಕರೆಯಬೇಕಾಯಿತು. ಆ ಋತುವಿನ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರೆಂದರೆ 40ರ ಅದೇ ಚೆಟ್ರಿ, 14 ಗೋಲು. ಅವರ ಮಟ್ಟಿಗೆ ಹೆಮ್ಮೆಯ ಅಂಕಿ, ಉಳಿದವರ ಮಟ್ಟಿಗೆ ನಾಚಿಕೆಯದು.

ಜಾಗ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಗೋಲ್‌ಕೀಪರುಗಳೇ ಸಾಕ್ಷಿ. 2014ರಲ್ಲಿ ಕೇರಳ ತಂಡ ಇಂಗ್ಲೆಂಡಿನ ಡೇವಿಡ್ ಜೇಮ್ಸ್ ಅವರನ್ನು ಗೋಲಿನೆದುರು ನಿಲ್ಲಿಸಿತ್ತು. ವಿದೇಶಿಯರ ಮಿತಿ ಬಿಗಿಯಾದಂತೆ ಕ್ಲಬ್‌ಗಳು ಆ ಅಂಗಿಯನ್ನು ಭಾರತೀಯರಿಗೆ ಬಿಟ್ಟವು. 1.97 ಮೀಟರ್ ಎತ್ತರದ ಗುರ್‌ಪ್ರೀತ್ ನಾರ್ವೆಯಲ್ಲಿ ಆಡಿ 2017ರಲ್ಲಿ ಬೆಂಗಳೂರಿಗೆ ಬಂದರು. ಅಮರಿಂದರ್ ಸಿಂಗ್, ವಿಶಾಲ್ ಕೈತ್ ಋತುವಿಡೀ ಆಡುತ್ತ ಪಳಗಿದರು. ಇಂದು ಭಾರತ ತಂಡದಲ್ಲಿ ಪೈಪೋಟಿ ಜೋರಾಗಿರುವ ಸ್ಥಾನ ಗೋಲ್‌ಕೀಪರ್‌ನದು. ಸ್ಟ್ರೈಕರ್ ಸ್ಥಾನಕ್ಕೂ ಇದೇ ಮದ್ದು ಏಕೆ ಆಗಬಾರದು?

2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಹೊಣೆ ಖಾಲಿದ್ ಜಮೀಲ್ ಅವರಿಗೆ ಬಂತು. ಕುವೈತ್‌ನಲ್ಲಿ 1977ರಲ್ಲಿ ಹುಟ್ಟಿದವರು. ಐಜ್ವಾಲ್‌ನಂಥ ಪುಟ್ಟ ಕ್ಲಬ್‌ಗೆ 2016–17ರ ಐ–ಲೀಗ್ ಗೆಲ್ಲಿಸಿಕೊಟ್ಟವರು. ಅವರ ತಂಡಗಳ ಆಟದಲ್ಲಿ ಚಮತ್ಕಾರ ಕಡಿಮೆ. ಉದ್ದನೆಯ ಪಾಸು, ಬಾಕ್ಸ್‌ಗೆ ಬೀಳುವ ಥ್ರೋ, ಕಾರ್ನರ್, ಫ್ರೀಕಿಕ್. ಅವರ ಮೊದಲ ಪಂದ್ಯ ಆಗಸ್ಟ್ 29ರಂದು ತಜಿಕಿಸ್ತಾನದ ವಿರುದ್ಧ, ಆ ದೇಶದ ನೆಲದಲ್ಲೇ. ಭಾರತ 2–1ರಿಂದ ಗೆದ್ದಿತು. ಗೋಲು ಹೊಡೆದವರು ಅನ್ವರ್ ಅಲಿ ಮತ್ತು ಝಿಂಗನ್, ಇಬ್ಬರೂ ಸೆಂಟರ್ ಬ್ಯಾಕ್‌ಗಳು! ಜಮೀಲ್‌ಗೆ ಬೇಕಾದ ಎತ್ತರ ಹಿಂದಿನ ಸಾಲಿನಲ್ಲಿತ್ತು, ಮುಂದಿನ ಸಾಲಿನಲ್ಲಿರಲಿಲ್ಲ. ಹಿಂದಿದ್ದವರನ್ನೇ ಮುಂದಕ್ಕೆ ಕಳಿಸಿ ಗೆದ್ದರು. ಆದರೆ ಆ ಉಪಾಯ ಬಹಳ ದೂರ ಒಯ್ಯಲಿಲ್ಲ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರದ ಎದುರು 1–2ರಿಂದ ಸೋತ ಭಾರತಕ್ಕೆ 2027ರ ಏಷ್ಯಾ ಕಪ್ ಬಾಗಿಲು ಮುಚ್ಚಿತು.

ಹಾಗಾದರೆ ಮಾಡಬೇಕಾದದ್ದೇನು? ವಿದೇಶಿ ಸ್ಟ್ರೈಕರುಗಳನ್ನು ನಿಷೇಧಿಸಿ ಎಂಬ ಕೂಗು ಆಗಾಗ ಏಳುತ್ತದೆ. ಅದು ಮೂರ್ಖತನ. ಝಿಂಗನ್‌ರಂಥವರು ಗಟ್ಟಿಯಾದದ್ದೇ ಒಗ್ಬೆಚೆ, ಕೊರೊಮಿನಾಸ್ ಅವರಂಥ ವಿದೇಶಿ ಸ್ಟ್ರೈಕರುಗಳನ್ನು ವಾರವಾರವೂ ಎದುರಿಸಿ. ಡ್ರಾಫ್ಟ್ ಮರಳಿ ತಂದರೂ ಏನೂ ಆಗದು. ಆಯ್ಕೆಯ ವಿಧಾನ ಬದಲಾದರೆ ಆಡಿಸುವ ಜಾಗ ತಾನಾಗಿ ಹುಟ್ಟುವುದಿಲ್ಲ. ಡುರಾಂಡ್ ಕಪ್, ಸೂಪರ್ ಕಪ್‌ಗಳಲ್ಲಿ ಪ್ರತಿ ತಂಡದ ಸೆಂಟರ್ ಫಾರ್ವರ್ಡ್ ಭಾರತೀಯನೇ ಆಗಿರಬೇಕೆಂದು ಫೆಡರೇಷನ್ ನಿಯಮ ಮಾಡಬಹುದು. ಆ ಟೂರ್ನಿಗಳಲ್ಲಿ ಸೋತರೆ ಯಾವ ಕ್ಲಬ್ಬೂ ಮುಳುಗುವುದಿಲ್ಲ. ಐಎಸ್‌ಎಲ್‌ನಲ್ಲಿ 23ರೊಳಗಿನ ಭಾರತೀಯ ಸ್ಟ್ರೈಕರ್ ಆಡಿದ ನಿಮಿಷಗಳಿಗೆ ತಕ್ಕಂತೆ ಕ್ಲಬ್‌ಗೆ ಹಣ ಕೊಡಬಹುದು. ಲೀಗ್‌ನ ವಾಣಿಜ್ಯ ಹಕ್ಕುಗಳ ಒಪ್ಪಂದ ಬರೆಯುವಾಗ ಇದನ್ನೊಂದು ಷರತ್ತಾಗಿ ಸೇರಿಸುವುದು ಕಷ್ಟವೇನಲ್ಲ.

ಕರ್ನಾಟಕದ ಪಾಲೂ ಇದರಲ್ಲಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಕೊಲ್ಲಿಯ ಕನ್ನಡಿಗರೂ ಸಂಭ್ರಮಿಸಿದ್ದರು. ಆ ಹುಡುಗರಲ್ಲಿ ಐಎಸ್‌ಎಲ್‌ನ ಮುಂದಿನ ಸಾಲಿನಲ್ಲಿ ಕಾಯಂ ಆದವರು ಯಾರು ಎಂದು ಹುಡುಕಿದರೆ ನಿರಾಶೆಯಾಗುತ್ತದೆ. ಚೆಟ್ರಿ ಬೂಟು ಬಿಚ್ಚಿದ ದಿನ ಆ ಜಾಗಕ್ಕೆ ಇನ್ನೊಬ್ಬ ವಿದೇಶಿಯನ್ನು ತರುವ ಮೊದಲು, ಬೆಂಗಳೂರು ಎಫ್‌ಸಿ ತನ್ನದೇ ಅಕಾಡೆಮಿಯ ಒಬ್ಬ ಉದ್ದನೆಯ ಹುಡುಗನಿಗೆ ಸ್ಟ್ರೈಕರ್‌ನ ಒಂಬತ್ತನೇ ನಂಬರ್ ಅಂಗಿ ಕೊಟ್ಟು, ಮೂರು ಋತು ಅದನ್ನು ಕಿತ್ತುಕೊಳ್ಳದಿರಲಿ.