ವೈಬರ್ನಮ್ ಯಾಕ್ರಿ, ಕವಳಿ ಹಚ್ಚಿ!

ಬೆಂಗಳೂರಿನಲ್ಲಿ ಕೆಲಸ ಮಾಡುವ ಬ್ಯಾಡಗಿಯ ಓದುಗರೊಬ್ಬರು ಒಂದು ರೀಲ್ ಕಳಿಸಿದ್ದಾರೆ. ಕಾಂಪೌಂಡ್ ತುಂಬ ಬಿಳಿ ಹೂವಿನ ಗೊಂಚಲು, ಆಮೇಲೆ ಕೆಂಪು ಹಣ್ಣು. ಪ್ರಶ್ನೆ ಇಷ್ಟು: "ಈ ವೈಬರ್ನಮ್ ಗಿಡ ಊರಿನ ಮನಿಗೆ ಹಚ್ಚಬಹುದೇನ್ರಿ? ಮನ್ಯಾಗ ಅಪ್ಪ-ಅವ್ವ ಇಬ್ರೇ ಇರ್ತಾರ. ದಿನಾ ನೀರು ಹಾಕೂದು ಆಗೂದಿಲ್ಲ."

ನೇರವಾಗಿ ಹೇಳಿಬಿಡ್ತೀನಿ: ಬೇಡ. ವೈಬರ್ನಮ್ ಜಾತಿಗಳಲ್ಲಿ ಹೆಚ್ಚಿನವು ತಂಪು ನಾಡಿನವು. ನಮ್ಮ ಪಶ್ಚಿಮ ಘಟ್ಟದ ಎತ್ತರದ ಕಾಡಿನಲ್ಲೂ ಇದರ ಬಂಧುಗಳಿವೆ, ಆದರೆ ಅಲ್ಲಿನ ಮಂಜು, ತೇವ ಬೇರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಏಪ್ರಿಲ್ ಬಿಸಿಲಿಗೆ ಅದನ್ನು ಉಳಿಸಿಕೊಳ್ಳಬೇಕಾದರೆ ಅಪ್ಪ-ಅವ್ವ ದಿನಾ ಪೈಪ್ ಹಿಡಿದು ನಿಲ್ಲಬೇಕಾಗುತ್ತದೆ. ಜೊತೆಗೆ ಅದರ ಎಷ್ಟೋ ಜಾತಿಗಳಲ್ಲಿ ಒಂಟಿ ಗಿಡ ಸರಿಯಾಗಿ ಹಣ್ಣು ಕಟ್ಟುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬೇರೆ ತಳಿಯ ಗಿಡ ಇರಬೇಕು.

ನಿಮಗೆ ಬೇಕಾಗಿರೋದು ಬಿಳಿ ಹೂವು, ಹಣ್ಣಿನ ಗೊಂಚಲು, ವರ್ಷವಿಡೀ ಹಸಿರು, ಕಡಿಮೆ ನೀರು. ಇದಿಷ್ಟೂ ಇರೋ ಗಿಡ ನಮ್ಮ ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲೇ ಇದೆ. ಅದೇ ಕವಳಿ. ಕೆಲವರ ಬಾಯಲ್ಲಿ ಕವಳೆ, ಕರಾವಳಿ ಕಡೆ ಕರಂಡೆ, ನರ್ಸರಿಯಲ್ಲಿ ಕೇಳುವಾಗ ಕರೋಂದಾ. ಶಾಸ್ತ್ರೀಯ ಹೆಸರು ಕರಿಸ್ಸಾ ಕರಾಂಡಾಸ್. ಬೇಸಿಗೆ ಹತ್ತಿರ ಬಂದಾಗ ಮಲ್ಲಿಗೆಯಂಥ ಸಣ್ಣ ಬಿಳಿ ಹೂವು ಬಿಡುತ್ತದೆ, ಘಮ ಕೂಡ ಇದೆ. ಆಮೇಲೆ ಹಸಿರು ಕಾಯಿ ಗುಲಾಬಿಯಾಗಿ, ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಒಂದೇ ಗೊಂಚಲಿನಲ್ಲಿ ನಾಲ್ಕು ಬಣ್ಣ!

ಹಚ್ಚೋದು ಹೇಗೆ?

ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ತೆಗ್ಗು ತೆಗೆದು, ಅದೇ ಮಣ್ಣಿಗೆ ಒಂದು ಪುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಹಚ್ಚಿ. ಮಸಾರಿ ನೆಲವಾದರೆ ಚಿಂತೆಯಿಲ್ಲ. ಎರಿ ಮಣ್ಣಾದರೆ ಸ್ವಲ್ಪ ಏರು ಮಾಡಿ ಹಚ್ಚಿ. ಕವಳಿ ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಮೂರು ಅಡಿ, ಒಂಟಿ ಗಿಡಕ್ಕಾದರೆ ಸುತ್ತ ಆರೇಳು ಅಡಿ ಜಾಗ ಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದೆರಡು ಸಲ ನೀರು ಕೊಡಿ. ಬೇರು ಇಳಿದ ಮೇಲೆ ಅದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಬೇಲಿ ನೀಟಾಗಿ ಕಾಣಲಿ ಅಂತ ತಿಂಗಳಿಗೊಮ್ಮೆ ಕತ್ತರಿ ಹಾಕಬೇಡಿ. ಹೂವು ಬರೋದು ರೆಂಬೆಯ ತುದಿಗೆ. ತುದಿ ಕತ್ತರಿಸಿದರೆ ಹೂವೂ ಹೋಯ್ತು, ಹಣ್ಣೂ ಹೋಯ್ತು. ಹಣ್ಣು ಮುಗಿದ ಮೇಲೆ ವರ್ಷಕ್ಕೊಮ್ಮೆ ಸವರಿದರೆ ಸಾಕು.

ಮುಳ್ಳಿನ ಮಾತು

ಮುಳ್ಳು ಜೋರಾಗಿಯೇ ಇರುತ್ತದೆ. ಕಾಂಪೌಂಡಿಗೆ ಅದು ಕಾವಲು, ಆದರೆ ಮಕ್ಕಳು ಆಡೋ ಜಾಗ, ವಯಸ್ಸಾದವರು ಓಡಾಡೋ ದಾರಿಯಿಂದ ನಾಲ್ಕು ಅಡಿ ದೂರವಿರಲಿ. ಇನ್ನೊಂದು ವಿಷಯ: ಕವಳಿ ಕಣಗಿಲೆಯ ಕುಟುಂಬಕ್ಕೇ ಸೇರಿದ್ದು. ಕವಳಿ ಹಣ್ಣು ತಿನ್ನಬಹುದು, ಕಣಗಿಲೆ ಪೂರ್ತಿ ವಿಷ. ಹಾಲು ಬರೋ ಗಿಡದ ಕಾಯಿಯನ್ನೆಲ್ಲ ಬಾಯಿಗೆ ಹಾಕಬಾರದು ಅಂತ ಮಕ್ಕಳಿಗೆ ಈಗಲೇ ಹೇಳಿಕೊಡಿ.

ಕಾಯಿ ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಂಡರೆ ಹಾಲು ಅಂಟುವುದಿಲ್ಲ. ಎಳೆಕಾಯಿ ಉಪ್ಪಿನಕಾಯಿಗೆ, ಕಪ್ಪು ಹಣ್ಣು ಹಾಗೇ ತಿನ್ನೋಕೆ. ಪೆಕ್ಟಿನ್ ಚೆನ್ನಾಗಿರೋದರಿಂದ ಜೆಲ್ಲಿಯೂ ಆಗುತ್ತದೆ. 2011ರಲ್ಲಿ ಜಿಐ ಟ್ಯಾಗ್ ಪಡೆದ ನಿಮ್ಮೂರಿನ ಮೆಣಸಿನಕಾಯಿ ಖಾರ ಬೆರೆಸಿ ನೋಡಿ, ಉಪ್ಪಿನಕಾಯಿಗೆ ಬಣ್ಣ ಹೇಗೆ ಬರುತ್ತದೆ ಅಂತ! ಅಂದಹಾಗೆ ಬೇಕರಿ ಕೇಕಿನ ಮೇಲಿನ ಕೆಂಪು 'ಚೆರಿ' ಎಷ್ಟೋ ಸಲ ಸಕ್ಕರೆ ಪಾಕ, ಬಣ್ಣ ಕುಡಿದ ಕವಳಿಯೇ.

ಯಾಕೆ ಈಗಲೇ?

ಹೊಲದ ಬದುವಿನ ಮುಳ್ಳುಬೇಲಿ ಹೋಗಿ ತಂತಿ ಬಂತು, ಗುಡ್ಡದ ಅಂಚಿಗೆ ಲೇಔಟ್ ಬಂತು. ಹಣ್ಣು ತಿಂದು ಬೀಜ ಬಿತ್ತುತ್ತಿದ್ದ ಹಕ್ಕಿಗೂ, ಬುಟ್ಟಿಯಲ್ಲಿ ಹಣ್ಣು ತಂದು ಮಾರುತ್ತಿದ್ದ ಅಜ್ಜಿಗೂ ಅಷ್ಟಷ್ಟೇ ದೂರವಾಯ್ತು ಕವಳಿ. ಹಾಗಂತ ಕಾಡಿಗೆ ಹೋಗಿ ಗಿಡ ಕಿತ್ತು ತರಬೇಡಿ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಂಥ ಕಡೆ ಅದು ಅಪರಾಧ ಕೂಡ. ಕಿತ್ತ ದೊಡ್ಡ ಗಿಡ ಬದುಕುವುದೂ ಅಪರೂಪ.

ಸುಲಭ ದಾರಿ ಬೀಜ. ಮೇ-ಜೂನ್‌ನಲ್ಲಿ ಸಂತೆಗೆ ಕವಳಿ ಹಣ್ಣು ಬಂದಾಗ ಚೆನ್ನಾಗಿ ಕಪ್ಪಾದವನ್ನು ತಿಂದು, ಬೀಜ ತೊಳೆದು, ಆ ವಾರದಲ್ಲೇ ಚೀಲಕ್ಕೆ ಹಾಕಿ. ಇಟ್ಟಷ್ಟೂ ಮೊಳಕೆ ಕಡಿಮೆ. ಮುಂದಿನ ಮುಂಗಾರಿಗೆ ನೆಲಕ್ಕೆ, ಮೂರನೇ ವರ್ಷದ ಹೊತ್ತಿಗೆ ಹಣ್ಣು. ಅನುಮಾನ ಬಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಈ ಸಲ ಊರಿಗೆ ಫೋನ್ ಮಾಡಿದಾಗ ಅವ್ವನ್ನ ಒಂದು ಮಾತು ಕೇಳಿ: "ಕವಳಿ ಹಣ್ಣು ಎಲ್ಲಿ ಸಿಗ್ತಾವಬೇ?" ಯೂಟ್ಯೂಬಿಗಿಂತ ಹೆಚ್ಚು ಮಾಹಿತಿ ಅಲ್ಲೇ ಸಿಗ್ತದ.